ಅಂಗೈ ಅಗಲದ ಗುಡ್ಡ

ಶಾಫ್ಟಿನ ಮೈಗೆ ಉದ್ದ ಸ್ಕ್ರೂಡ್ರೈವರ್ ಊರಿ
ಹಿಡಿಯನ್ನು ಕಿವಿಗೆ ಒತ್ತಿ ನಿಂತರೆಂದರೆ ಇದಿನಬ್ಬಾಕ
ದಕ್ಕೆಯ ಗಲಾಟೆ ಪೂರ್ತಿ, ಐಸು ಪುಡಿಮಾಡುವ ಯಂತ್ರ,
ಬುಟ್ಟಿ ಎಳೆಯುವವರ ಬೈಗುಳ, ಕಾಗೆ,
ಯಾವುದೂ ಅವರ ಪಾಲಿಗೆ ಇಲ್ಲ.
"ಉಂಟು," ಅನ್ನುತ್ತಾರೆ. "ಇಲ್ಲಿ ಒಂದು ಡುಬ್ಬ ಉಂಟು."
ಕೂದಲೆಳೆಯಷ್ಟು. ಬೆರಳಿಗೆ ಸಿಗದ್ದು.
ಡುಬ್ಬ ಇಲ್ಲದ ಶಾಫ್ಟು ಮಾತಾಡುವುದಿಲ್ಲವಂತೆ.

ನಾನು ಹುಡುಕುವುದೂ ಅದನ್ನೇ, ಇದಿನಬ್ಬಾಕ.
ಸತ್ತ ಮೇಲೂ ತಿರುಗುತ್ತಿರುವ ಒಂದು ನಕ್ಷತ್ರ.
ಉಳ್ಳಾಲದಿಂದ ಸುರತ್ಕಲ್ಲಿಗೆ ಎಷ್ಟೋ ಅಷ್ಟೇ ಅಗಲ,
ತೂಕ ಮಾತ್ರ ಸೂರ್ಯನಿಗಿಂತ ಒಂದು ಕೈ ಮೇಲೆ.
ಸೆಕೆಂಡಿಗೆ ಇಪ್ಪತ್ತೊಂಬತ್ತು ಚಿಲ್ಲರೆ ಸುತ್ತು.
ನುಣ್ಣಗೆ ಗುಂಡಗಿದ್ದರೆ ಎಷ್ಟು ತಿರುಗಿದರೂ
ಆಕಾಶಕ್ಕೆ ಗೊತ್ತಾಗುವುದಿಲ್ಲ.
ಮೈಯಲ್ಲೆಲ್ಲೋ ಒಂದು ಉಬ್ಬು ಇದ್ದರೆ
ಜಾಗವೇ ಅಲುಗುತ್ತದೆ, ಅಲುಗಿದ್ದು ಇಲ್ಲಿಗೂ ಬರುತ್ತದೆ,
ಬರುವಾಗ ಎರಡರಷ್ಟಾಗಿ:
ಮಂಗಳೂರು ಸೌತೆಯನ್ನು ಮೇಜಿನ ಮೇಲೆ ಗಿರ್ರನೆ ತಿರುಗಿಸಿ ನೋಡಿ,
ಅರ್ಧ ಸುತ್ತಿಗೇ ಮತ್ತೆ ಅದೇ ಸೌತೆ.
ಹಾಗಾಗಿ ಅಲೆ ಐವತ್ತೊಂಬತ್ತು ಚಿಲ್ಲರೆ.
ಅದರ ಪಕ್ಕದಲ್ಲೇ, ಅರವತ್ತರಲ್ಲಿ,
ಯಂತ್ರ ಇರುವ ದೇಶದ ಕರೆಂಟು ಗುಂಯ್‌ಗುಡುತ್ತದೆ
(ನಮ್ಮದು ಐವತ್ತು, ಇದ್ದರೆ).

ಸಂಜೆ ಬೆಂಗ್ರೆಗೆ ಫೆರಿ. ನಡುನೀರಿನಲ್ಲಿ
ದಕ್ಕೆಯ ಸುತ್ತಿಗೆಯ ಪೆಟ್ಟು, ನಾನು ದೂರಾದಂತೆ
ಒಂದೊಂದೂ ಇಷ್ಟೇ ಇಷ್ಟು ತಡ.
ತಪ್ಪು ಸುತ್ತಿಗೆಯದ್ದಲ್ಲ.
ಭೂಮಿಯೂ ಫೆರಿಯೇ: ವರ್ಷಕ್ಕೊಮ್ಮೆ ಸೂರ್ಯನ ಸುತ್ತ,
ದಿನಕ್ಕೊಮ್ಮೆ ತನ್ನ ಸುತ್ತ.
ಮೊದಲ ಕೆಲಸ, ಗಡಿಯಾರವನ್ನು ಇದರಿಂದ ಇಳಿಸಿ
ಸೂರ್ಯನ ಹತ್ತಿರ ಒಯ್ದು ಇಡುವುದು, ಕಾಗದದ ಮೇಲೆ.
ಹೆಚ್ಚೆಂದರೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು,
ಡಿಸೆಂಬರಿನಲ್ಲಿ ಕೂಡು, ಜೂನಿನಲ್ಲಿ ಕಳೆ.
ನಕ್ಷತ್ರವೂ ದಣಿಯುತ್ತದೆ, ಅದಕ್ಕೊಂದು ಪದ,
ದಣಿಯುವುದೂ ನಿಧಾನವಾಗುತ್ತದೆ, ಅದಕ್ಕೆ ಇನ್ನೊಂದು.
ಆಮೇಲೆ ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡುಗಳ ಗದ್ದಲವನ್ನು
ನಾನು ಊಹಿಸಿದ ಅಲೆಯಿಂದ ಗುಣಿಸಿ, ಗುಣಿಸಿ, ಕೂಡಿಸಬೇಕು.
ಗದ್ದಲಕ್ಕೆ ನಿಷ್ಠೆ ಇಲ್ಲ. ನಾಲ್ಕು ವರ್ಷ ಕೂಡಿಸಿದರೂ
ಎರಡರಷ್ಟೇ ಬೆಳೆಯುತ್ತದೆ.
ಅಲೆ ಇದ್ದರೆ, ನಾಲ್ಕರಷ್ಟು.
ಈ ಒಂದು ವ್ಯತ್ಯಾಸವನ್ನು ನಂಬಿ ನನ್ನ ಹಗಲು ನಡೆಯುತ್ತದೆ.

ಒಮ್ಮೆ ಫೆರಿಯ ಹಲಗೆಗೇ ಮೊಬೈಲು ಒತ್ತಿ ಹಿಡಿದು
ಇಡೀ ದಾರಿ ರೆಕಾರ್ಡು ಮಾಡಿ, ಆವರ್ತನ ಬಿಡಿಸಿ
ಮರುದಿನ ಇದಿನಬ್ಬಾಕನ ಮುಂದೆ ಹಿಡಿದೆ:
ನೋಡಿ, ಹದಿನೇಳೂವರೆಯಲ್ಲಿ ಒಂದು ಕೊಡಿ ಎದ್ದಿದೆ.
"ಎಂತ ಹದಿನೇಳೂವರೆ ಮಾರಾಯ್ತಿ,
ಬುಷ್ ಹೋಗಿದೆ ಅಂತ ಹೇಳು."

ನನ್ನ ನಕ್ಷತ್ರದಲ್ಲಿ ಕೊಡಿ ಏಳಲಿಲ್ಲ.
ನಾಲ್ಕು ಸಲ ಲೆಕ್ಕ ಹಾಕಿದೆ. ಐದನೆಯ ಸಲ
ಸುಳ್ಳು ಅಲೆಯೊಂದನ್ನು ನಾನೇ ಗದ್ದಲದೊಳಗೆ ಬಿಟ್ಟು
ಹಿಡಿದು ನೋಡಿದೆ. ಸಿಕ್ಕಿತು. ಬಲೆ ಸರಿಯಿದೆ.
ಬಲೆ ಸರಿಯಿದ್ದೂ ಮೀನಿಲ್ಲವೆಂದರೆ ಅದೂ ಒಂದು ಸುದ್ದಿ,
ನೂರಕ್ಕೆ ತೊಂಬತ್ತೈದು ಖಾತ್ರಿಯಿಂದ ಬರೆಯಬಹುದು:
ಅಲ್ಲಿ ಗುಡ್ಡವೇನಾದರೂ ಇದ್ದರೆ
ನನ್ನ ಅಂಗೈ ಅಗಲಕ್ಕಿಂತ ಎತ್ತರ ಇಲ್ಲ.

ಜೂನಿನಲ್ಲಿ ಹೇಳಿದೆ. ಟ್ರಾಲಿಂಗ್ ನಿಂತಿತ್ತು,
ಬೋಟುಗಳು ಒಂದರ ಪಕ್ಕೆಗೊಂದು ಒರಗಿ
ದಕ್ಕೆಗೆ ಅಪರೂಪದ ಮೌನ.
ಎತ್ತಿ ತೋರಿಸಿದ ನನ್ನ ಅಂಗೈಯನ್ನು ದೂರದಿಂದಲೇ ಅಳೆದರು.
"ಉಳ್ಳಾಲದಿಂದ ಸುರತ್ಕಲ್ಲಿನವರೆಗೆ ಇಷ್ಟೂ ಇಲ್ಲವಾ?"
ಇಲ್ಲ.
ಕೈಯ ಗ್ರೀಸು ಚಿಂದಿಗೆ ಒರೆಸಿದರು. ತುಂಬ ಹೊತ್ತು ಒರೆಸಿದರು.
"ಒಳ್ಳೆ ಕೆಲಸ," ಅಂದರು. ನನ್ನದಲ್ಲ, ನಕ್ಷತ್ರದ್ದು.
"ಯಾವ ಲೇತಿನಲ್ಲಿ ಕಡೆದದ್ದು ಅದು?"

ಕಡೆಯ ಫೆರಿ. ಬುಷ್ ಇನ್ನೂ ಹಾಕಿಲ್ಲ.
ಹಲಗೆಯಿಂದ ಹದಿನೇಳೂವರೆ
ಅಂಗಾಲಿಗೆ ಬರುತ್ತಲೇ ಇತ್ತು.